ಹಾಲುಹಲ್ಲು ಬೀಳುವ ಹಲ್ಲೆಂದು ಬಿಡಬೇಡಿ

“ಹಾಲುಹಲ್ಲು ತಾನೇ, ಹೇಗೂ ಬಿದ್ದು ಹೋಗುತ್ತದೆ.” ಮಗುವಿನ ಹಲ್ಲು ಹುಳುಕಾದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತಿದು. ಬೀಳುವುದು ನಿಜ, ಆದರೆ ಯಾವಾಗ? ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ. ದವಡೆಯ ಹಾಲುಹಲ್ಲುಗಳಾದರೋ ಮಗುವಿಗೆ 10ರಿಂದ 12 ವರ್ಷ ಆಗುವವರೆಗೆ ಇರಬೇಕಾದವು. ನಾಲ್ಕನೆಯ ವಯಸ್ಸಿಗೇ ಅವು ಕೊಳೆತರೆ ಉಳಿದ ಅಷ್ಟೂ ವರ್ಷ ಮಗು ಯಾವುದರಿಂದ ಅಗಿಯಬೇಕು? ನೋವಿಗೆ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಒಸಡಿನಲ್ಲಿ ಕೀವು ತುಂಬಿ ಕೆನ್ನೆ ಊದಿಕೊಳ್ಳುತ್ತದೆ. ಅವಧಿಗೆ ಮುನ್ನ ಕೀಳಿಸಿದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ. ಮುಂದೆ ಬರುವ ಶಾಶ್ವತ ಹಲ್ಲು ದಾರಿ ಸಿಗದೆ ವಕ್ರವಾಗಿ ಹುಟ್ಟಬಹುದು.

ಹುಳುಕು ಹಲ್ಲು ಎನ್ನುತ್ತೇವಾದರೂ ಅಲ್ಲಿ ಹುಳ ಇರುವುದಿಲ್ಲ. ಹಲ್ಲಿಗೆ ಅಂಟಿದ ಪದರದಲ್ಲಿರುವ ಬ್ಯಾಕ್ಟೀರಿಯಾಗಳು ಸಿಹಿಯನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲವೇ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಹಗಲಿನಲ್ಲಿ ಜೊಲ್ಲು ಆ ಆಮ್ಲವನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಆದ್ದರಿಂದ ಮಗು ಬಾಯಲ್ಲಿ ಏನನ್ನಿಟ್ಟುಕೊಂಡು ಮಲಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಚೀಪುತ್ತಾ ಮಲಗುವ ಮಗುವಿನ ಮೇಲ್ಸಾಲಿನ ಮುಂದಿನ ನಾಲ್ಕು ಹಲ್ಲುಗಳನ್ನು ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣದಂತಹ ಬಿಳಿ ಗೆರೆ ಕಂಡರೆ ಅದು ಹುಳುಕಿನ ಆರಂಭ. ಈ ಹಂತದಲ್ಲಿ ಅದನ್ನು ತಡೆಯಲು ಸಾಧ್ಯ. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ವೈದ್ಯರೇ ಬೇಕು.

ಬಾಟಲಿಯನ್ನು ಒಂದೇ ದಿನಕ್ಕೆ ಬಿಡಿಸಲಾಗದು. ಮೊದಲು ಸಕ್ಕರೆ ನಿಲ್ಲಿಸಿ, ಆಮೇಲೆ ರಾತ್ರಿಯ ಬಾಟಲಿಗೆ ದಿನದಿಂದ ದಿನಕ್ಕೆ ನೀರು ಹೆಚ್ಚಿಸಿ. ಕೊನೆಗೆ ಬರೀ ನೀರಾದಾಗ ಮಗುವೇ ಬಿಡುತ್ತದೆ. ಅಷ್ಟು ದಿನ ಅಳು ಕೇಳುವ ತಾಳ್ಮೆ ಮನೆಯ ಹಿರಿಯರಿಗೂ ಬೇಕು, ತಾಯಿಗೆ ಮಾತ್ರವಲ್ಲ. ಮಲಗುವ ಮುನ್ನ ಹಲ್ಲುಜ್ಜಿದ ನಂತರ ನೀರಲ್ಲದೆ ಬೇರೇನೂ ಇಲ್ಲ ಎಂಬುದು ಮನೆಯ ನಿಯಮವಾಗಲಿ. ರಮಝಾನಿನಲ್ಲಿ ಇದು ತಪ್ಪುವುದುಂಟು. ಸಹ್ರಿಗೆ ಎದ್ದು ಕೂರುವ ಪುಟ್ಟ ಮಕ್ಕಳು ಖರ್ಜೂರ ತಿಂದು, ಸಿಹಿ ಚಹಾ ಕುಡಿದು ಹಾಗೆಯೇ ನಿದ್ದೆ ಹೋಗುತ್ತಾರೆ. ಖರ್ಜೂರ ಒಳ್ಳೆಯ ಆಹಾರವೇ, ಆದರೆ ದವಡೆ ಹಲ್ಲಿನ ಸಂದಿಗೆ ಅಂಟಿ ಕೂರುತ್ತದೆ. ಅವರನ್ನು ಮತ್ತೆ ಮಲಗಿಸುವ ಮೊದಲು ಒಮ್ಮೆ ಉಜ್ಜಿಸಿ.

ಉಜ್ಜಬೇಕಾದವರು ಯಾರು? ಏಳೆಂಟು ವರ್ಷದವರೆಗೆ ನೀವೇ. ಮಗು ತಾನೇ ಉಜ್ಜುತ್ತೇನೆಂದರೆ ಉಜ್ಜಲಿ, ನಂತರ ಬ್ರಶ್ ನಿಮ್ಮ ಕೈಗೆ ಬರಲಿ. ನೆಲದ ಮೇಲೆ ಕುಳಿತು ಮಗುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡರೆ ಬಾಯಿ ಚೆನ್ನಾಗಿ ಕಾಣುತ್ತದೆ. ಮೊದಲ ಹಲ್ಲು ಕಾಣಿಸಿಕೊಂಡ ದಿನದಿಂದಲೇ, ಅಂದರೆ ಸುಮಾರು ಆರು ತಿಂಗಳಿಗೆ, ಇದು ಶುರುವಾಗಬೇಕು. ಫ್ಲೋರೈಡ್ ಇರುವ ಪೇಸ್ಟ್ 3 ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಶ್ ತುಂಬಾ ಹಾಕಬೇಡಿ, ಮಕ್ಕಳು ನುಂಗುತ್ತಾರೆ. ಕೋಲಾರ, ಪಾವಗಡ, ರಾಯಚೂರು ಕಡೆಯ ಹಲವು ಊರುಗಳಲ್ಲಿ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದೆ. ಅಂತಹ ನೀರು ಕುಡಿಯುವವರು ಪೇಸ್ಟ್ ಬಗ್ಗೆ ದಂತವೈದ್ಯರನ್ನು ಕೇಳಿ.

“ದಿನಕ್ಕೆ ಐದು ಬಾರಿ ವುಝೂ ಮಾಡುತ್ತಾನೆ, ಬಾಯಿ ಶುಚಿಯಾಗಿರುತ್ತದೆ” ಎನ್ನುವ ತಂದೆಯರಿದ್ದಾರೆ. ಬಾಯಿ ಮುಕ್ಕಳಿಸಿದರೆ ಆಹಾರದ ತುಣುಕು ಹೋಗುತ್ತದೆ, ಹಲ್ಲಿಗೆ ಅಂಟಿದ ಪದರ ಹೋಗುವುದಿಲ್ಲ. ಅದಕ್ಕೆ ಉಜ್ಜಲೇಬೇಕು. ಪ್ರವಾದಿಯವರು(ಸ) ಮುಕ್ಕಳಿಸುವುದರ ಜೊತೆಗೆ ಮಿಸ್ವಾಕನ್ನೂ ಅಷ್ಟೊಂದು ಒತ್ತಿ ಹೇಳಿದ್ದು ನಮಗೆ ಗೊತ್ತೇ ಇದೆ. ಮಿಸ್ವಾಕ್ ಒಳ್ಳೆಯದು, ಆದರೆ ಎಳೆಯ ಮಗುವಿನ ಕೈಗೆ ಅದರ ಕಡ್ಡಿ ಕೊಡಬೇಡಿ. ಒಸಡಿಗೆ ಚುಚ್ಚುತ್ತದೆ, ಬಾಯಲ್ಲಿಟ್ಟು ಓಡಿದರೆ ಅಪಾಯ. ಶಾಲೆಗೆ ಹೋಗುವ ಮಗುವಿಗೆ ಅದರದ್ದೇ ಆದ, ತುದಿ ಮೆತ್ತಗೆ ಮಾಡಿದ ಮಿಸ್ವಾಕ್ ಇರಲಿ. ಹಿಂದಿನ ದವಡೆಗೆ ಅದು ಸರಿಯಾಗಿ ತಲುಪದ ಕಾರಣ ರಾತ್ರಿಯ ಬ್ರಶ್ ತಪ್ಪಿಸಬೇಡಿ. ಇದ್ದಿಲು, ಇಟ್ಟಿಗೆ ಪುಡಿ ಖಂಡಿತ ಬೇಡ, ಕವಚ ಸವೆಯುತ್ತದೆ.

ಇನ್ನೊಂದು ವಿಷಯ ಅನೇಕರ ಕಣ್ಣಿಗೆ ಬೀಳುವುದೇ ಇಲ್ಲ. ಆರು ವರ್ಷದ ಆಸುಪಾಸಿನಲ್ಲಿ, ಯಾವ ಹಲ್ಲೂ ಬೀಳದೆ, ಸಾಲಿನ ಕೊನೆಯಲ್ಲಿ ಹೊಸ ದವಡೆ ಹಲ್ಲುಗಳು ಬರುತ್ತವೆ. ಹಲ್ಲು ಬೀಳಲಿಲ್ಲವಾದ್ದರಿಂದ ಇವೂ ಹಾಲುಹಲ್ಲೆಂದು ತಿಳಿಯುತ್ತೇವೆ. ಇವು ಶಾಶ್ವತ ಹಲ್ಲುಗಳು, ಕೆಟ್ಟರೆ ಇನ್ನೊಂದು ಹುಟ್ಟುವುದಿಲ್ಲ. ಹಾಲುಹಲ್ಲು ಒಟ್ಟು 20. ಮುಂದಿನ ನಡುಹಲ್ಲಿನಿಂದ ಹಿಂದಕ್ಕೆ ಎಣಿಸಿದರೆ ಪ್ರತಿ ಬದಿಗೆ ಐದು. ಆರನೆಯದು ಕಂಡರೆ ಅದೇ ಶಾಶ್ವತ ಹಲ್ಲು. ಬ್ರಶ್ಶನ್ನು ಕೆನ್ನೆಯ ಬದಿಯಿಂದ ಅಡ್ಡವಾಗಿ ತೂರಿಸಿ ಉಜ್ಜಿ. ಅದರ ಮೇಲ್ಮೈಯ ಆಳವಾದ ಗೆರೆಗಳನ್ನು ಮುಚ್ಚುವ ಲೇಪವೊಂದನ್ನು ದಂತವೈದ್ಯರು ನೋವಿಲ್ಲದೆ, ಸೂಜಿಯಿಲ್ಲದೆ ಹಾಕುತ್ತಾರೆ. ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಒಮ್ಮೆ ಹೋಗಿ ತೋರಿಸಿ.