ಗಾಜಿನ ಕೊಳ

ಮನುಷ್ಯನಿಗೂ ನೀರಿನ ಜೀವಿಗಳಿಗೂ ಇರುವ ಸ್ನೇಹ ಬಹು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಭಾಗವೇ ಇದೆ. ಮೀನುಗಳ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಹಾಕುವ ಬಗೆ ಇವೆಲ್ಲವೂ ಅಲ್ಲಿ ವಿವರವಾಗಿ ಬಂದಿವೆ. ಅದೇ ಮನೆತನದ ಕೊನೆಯ ಅರಸನಾದ ನಾಲ್ಕನೆಯ ಸೋಮೇಶ್ವರನು ರಾಜಧಾನಿಯಾಗಿ ಮಾಡಿಕೊಂಡ ಊರು ಧಾರವಾಡ ಜಿಲ್ಲೆಯ ಅಣ್ಣಿಗೇರಿ. ಇಂದಿಗೂ ಶೃಂಗೇರಿಯಲ್ಲಿ ತುಂಗಾನದಿಯ ಮೆಟ್ಟಿಲುಗಳ ಮೇಲೆ ಕುಳಿತು ಮೀನುಗಳಿಗೆ ಪುರಿ ಎರಚುವ ಯಾತ್ರಿಕರನ್ನು ಕಾಣಬಹುದು. ಅಲ್ಲಿಯ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ.

ನದಿ, ಕೆರೆಗಳ ಮೀನನ್ನು ಮನೆಯೊಳಗೆ ತಂದು ಗಾಜಿನ ಆಚೆಗಿಟ್ಟು ನೋಡುವ ಪದ್ಧತಿ ಮಾತ್ರ ಇತ್ತೀಚಿನದು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಾಣಿಶಾಸ್ತ್ರಜ್ಞನು ತನ್ನ ಪುಸ್ತಕದಲ್ಲಿ ಬಳಸಿದ ‘ಅಕ್ವೇರಿಯಂ’ ಎಂಬ ಹೆಸರು ಲೋಕದಲ್ಲೆಲ್ಲ ಹರಡಿತು. ಕರ್ನಾಟಕದಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಸರಕಾರಿ ಮತ್ಸ್ಯಾಲಯವು 1983ರಲ್ಲಿ ಆರಂಭವಾಗಿ ಅನೇಕ ಮಕ್ಕಳಿಗೆ ಬಣ್ಣದ ಮೀನುಗಳನ್ನು ತೋರಿಸಿತು. ಈಗ ಈ ಹವ್ಯಾಸ ನಗರಗಳನ್ನು ದಾಟಿ ಹಳ್ಳಿಗೂ ಬಂದಿದೆ. ಹುಬ್ಬಳ್ಳಿಯ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಸಿಕೊಂಡು ಹೊರಟ ಹೊಂಬಣ್ಣದ ಮೀನು ಬಸ್ಸಿನಲ್ಲಿ ಕುಳಿತು ನವಲಗುಂದ, ಕುಂದಗೋಳ, ಕಲಘಟಗಿಗಳ ಮನೆಗಳನ್ನು ಸೇರುತ್ತದೆ. ಗಾಜಿನ ತೊಟ್ಟಿ ಇಲ್ಲದ ಮನೆಯಲ್ಲಿಯೂ ಮೀನು ಇರಬಹುದು. ಸೊಳ್ಳೆಯ ಮರಿಗಳನ್ನು ತಿಂದು ಮಲೇರಿಯಾ, ಡೆಂಗ್ಯೂ ರೋಗಗಳನ್ನು ತಡೆಯಲೆಂದು ಗಪ್ಪಿ ಮತ್ತು ಗಂಬೂಸಿಯ ಮೀನುಗಳನ್ನು ಬಾವಿ, ಹೊಂಡ, ತೊಟ್ಟಿಗಳಲ್ಲಿ ಬಿಡುವ ಕ್ರಮ ಕರ್ನಾಟಕದಲ್ಲಿದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯಲ್ಲಿ ಎದ್ದ ಕೃಷಿಹೊಂಡಗಳಲ್ಲಿಯೂ ಮೀನು ಸಾಕಲು ಸಾಧ್ಯವಾಗಿದೆ.

ಸಾಕಿದ ಜೀವಿಯ ಮೇಲೆ ಪ್ರೀತಿ ಇರಬೇಕು. ಆ ಪ್ರೀತಿಗೆ ತಿಳಿವಳಿಕೆಯೂ ಜೊತೆಯಾಗಬೇಕು. ಎತ್ತಿನ ಕೊಂಬು, ಕುದುರೆಯ ಒದೆ, ನಾಯಿಯ ಹಲ್ಲು ಇವುಗಳ ವಿಷಯದಲ್ಲಿ ರೈತನ ಮಗುವಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೀನಿನ ವಿಷಯದಲ್ಲಿ ಅಂಥ ಎಚ್ಚರ ಕಡಿಮೆ. ಬೆರಳುದ್ದದ ಮೀನು ಏನು ಮಾಡೀತು ಎಂದು ತೊಟ್ಟಿಯೊಳಗೆ ಕೈ ಇಳಿಬಿಡುವವರೇ ಹೆಚ್ಚು.

ನೀರಿನ ಜೀವಿಗಳು ಹಗೆಯಿಂದ ಕಚ್ಚುವುದಿಲ್ಲ. ಹಸಿವು, ಭಯ, ಮರಿಗಳ ರಕ್ಷಣೆ ಇವು ಮೂರೇ ಅವುಗಳಿಗಿರುವ ಕಾರಣಗಳು. ಬೆರಳ ತುದಿ ನೀರಿನಲ್ಲಿ ಅಲುಗಿದಾಗ ಅದು ಆಹಾರವೆಂದು ಮೀನು ಬಾಯಿ ಹಾಕುತ್ತದೆ. ಗಪ್ಪಿ, ಹೊಂಬಣ್ಣದ ಮೀನುಗಳ ಬಾಯಿಂದ ಗಾಯವಾಗುವುದಿಲ್ಲ. ಆಸ್ಕರ್, ಫ್ಲವರ್‌ಹಾರ್ನ್ ಮುಂತಾದ ದೊಡ್ಡ ಮೀನುಗಳು ಚರ್ಮವನ್ನು ತರಚಬಲ್ಲವು. ಮಾರುಕಟ್ಟೆಯಲ್ಲಿ ರೂಪಚಂದ್ ಎಂದು ಕರೆಯುವ, ದಕ್ಷಿಣ ಅಮೆರಿಕ ಮೂಲದ ಪಾಕು ಮೀನಿಗೆ ಕಾಯಿಗಳನ್ನು ಅರೆಯಬಲ್ಲ ಗಟ್ಟಿ ಹಲ್ಲುಗಳಿವೆ. ಆಮೆಗೆ ಹಲ್ಲೇ ಇಲ್ಲ. ಆದರೆ ಅದರ ದವಡೆಯ ಅಂಚು ಹಕ್ಕಿಯ ಕೊಕ್ಕಿನಂತೆ ಹರಿತವಾಗಿರುತ್ತದೆ. ಏಡಿಯ ಕೊಂಡಿಯ ಹಿಡಿತವನ್ನು ಗದ್ದೆಯಲ್ಲಿ ಕೆಲಸ ಮಾಡಿದವರೆಲ್ಲರೂ ಬಲ್ಲರು.

ಕಚ್ಚುವುದಕ್ಕಿಂತ ಚುಚ್ಚುವುದು ಹೆಚ್ಚು ನೋವಿನದು. ನಮ್ಮ ಕೆರೆಗಳಲ್ಲಿ ಚೇಳುಮೀನು ಎಂಬ ಮೀಸೆಯ ಮೀನೊಂದಿದೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಇದು ಬೇಸಿಗೆಯಲ್ಲಿ ಕೆರೆ ಬತ್ತಿದರೂ ಕೆಸರಿನಲ್ಲಿ ಬದುಕುತ್ತದೆ. ಅದರ ಎದೆಯ ಎರಡು ಬದಿಗಳಲ್ಲಿಯೂ ಒಂದೊಂದು ಗಟ್ಟಿ ಮುಳ್ಳಿದ್ದು, ಅವುಗಳ ಬುಡದಲ್ಲಿ ವಿಷದ ಗ್ರಂಥಿಗಳಿವೆ. ಬರಿಗೈಯಲ್ಲಿ ಹಿಡಿದಾಗ ಅಥವಾ ಬರಿಗಾಲಿನಲ್ಲಿ ತುಳಿದಾಗ ಮುಳ್ಳು ಚುಚ್ಚಿ, ಚೇಳು ಕುಟುಕಿದಂತೆ ಉರಿಯುತ್ತದೆ. ಹೆಸರು ಬಂದದ್ದೇ ಅದರಿಂದ. ಶ್ರೀಮಂತ ಹವ್ಯಾಸಿಗಳು ಸಾಕುವ ಸಿಂಹಮೀನು ಮತ್ತು ಸಿಹಿನೀರಿನ ತೊರಕೆ ಮೀನುಗಳಿಗೂ ವಿಷದ ಮುಳ್ಳುಗಳಿವೆ.

ಇಷ್ಟಾದರೂ ಹಲ್ಲು, ಮುಳ್ಳುಗಳಿಂದಾದ ಗಾಯ ಎಲ್ಲರ ಕಣ್ಣಿಗೂ ಕಾಣುವಂಥದು. ಆದುದರಿಂದ ಅದರ ಬಗ್ಗೆ ಎಚ್ಚರವೂ ತಾನಾಗಿಯೇ ಹುಟ್ಟುತ್ತದೆ. ಅದಕ್ಕಿಂತ ಹೆಚ್ಚು ಅಂಜಬೇಕಾದುದು ಆ ಗಾಯದ ಬಾಗಿಲಿನಿಂದ ಒಳಹೊಗುವ ನೀರಿಗೆ. ತಿಳಿಯಾಗಿ ಹೊಳೆಯುವ ತೊಟ್ಟಿಯ ನೀರಿನಲ್ಲಿಯೂ ಬರಿಗಣ್ಣಿಗೆ ಕಾಣದ ರೋಗಾಣುಗಳಿರಬಹುದು.

ಅವುಗಳಲ್ಲಿ ಒಂದರ ಕಥೆ ತಿಳಿಯತಕ್ಕದ್ದಾಗಿದೆ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಮತ್ಸ್ಯಾಲಯದಲ್ಲಿ ಸತ್ತ ಕಡಲಮೀನುಗಳನ್ನು ಆರನ್ಸನ್ ಎಂಬ ವಿಜ್ಞಾನಿಯು ಪರೀಕ್ಷಿಸಿದನು. ಅವುಗಳ ದೇಹದಲ್ಲಿ ಕ್ಷಯರೋಗದ ಗಂಟುಗಳನ್ನು ಹೋಲುವ ಗಂಟುಗಳಿದ್ದವು. ಅವುಗಳಿಂದ ಆತ ಬೇರ್ಪಡಿಸಿದ ರೋಗಾಣುವಿಗೆ ಮೈಕೊಬ್ಯಾಕ್ಟೀರಿಯಂ ಮರೈನಂ ಎಂದು ಹೆಸರಾಯಿತು. ಅದು ಕ್ಷಯ ಮತ್ತು ಕುಷ್ಠ ರೋಗಗಳ ಅಣುಗಳು ಸೇರಿದ ಕುಲಕ್ಕೇ ಸೇರಿದ್ದು. ಮನುಷ್ಯನಿಗೆ ಇದರಿಂದ ಅಪಾಯವಿದೆಯೆಂದು ಆಗ ಯಾರೂ ಎಣಿಸಿರಲಿಲ್ಲ. 1951ರಲ್ಲಿ ಸ್ವೀಡನ್ ದೇಶದಲ್ಲಿ ಒಂದೇ ಈಜುಕೊಳದಲ್ಲಿ ಈಜಿದ ಅನೇಕರ ತರಚಿದ ಚರ್ಮದ ಮೇಲೆ ಮಾಯದ ಹುಣ್ಣುಗಳು ಕಂಡುಬಂದವು. ಅವುಗಳಿಗೆ ಕಾರಣವಾದ ಅಣುವನ್ನು ಹೊಸದೆಂದು ಭಾವಿಸಿ ಬೇರೆ ಹೆಸರನ್ನಿಟ್ಟರೂ, ಅದು ಫಿಲಡೆಲ್ಫಿಯದ ಮೀನುಗಳಲ್ಲಿ ಸಿಕ್ಕ ಅಣುವೇ ಎಂಬುದು ಮುಂದೆ ತಿಳಿಯಿತು. 1962ರಲ್ಲಿ ಮನೆಯ ಮೀನುತೊಟ್ಟಿಯಿಂದಲೂ ಈ ರೋಗ ಬರುವುದೆಂದು ಅಮೆರಿಕದ ವೈದ್ಯರು ವರದಿಮಾಡಿದರು. ಈಜುಕೊಳದ ನೀರಿಗೆ ಕ್ಲೋರಿನ್ ಬೆರೆಸುವ ಪದ್ಧತಿ ಬಿಗಿಯಾದಂತೆ ಅಲ್ಲಿಂದ ರೋಗ ಬರುವುದು ಕಡಿಮೆಯಾಯಿತು. ಮೀನಿರುವ ತೊಟ್ಟಿಗೆ ಕ್ಲೋರಿನ್ ಹಾಕಿದರೆ ಮೀನೇ ಉಳಿಯದು. ಹೀಗಾಗಿ ವೈದ್ಯರು ಇದನ್ನು ಮೀನುತೊಟ್ಟಿಯ ಗಂಟುರೋಗವೆಂದೇ ಗುರುತಿಸುವಂತಾಯಿತು.

ಈ ಅಣುವಿನ ನಡತೆ ವಿಚಿತ್ರವಾದುದು. ಅದು 30ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮನುಷ್ಯನ ಒಡಲಿನ ಶಾಖ 37 ಡಿಗ್ರಿ. ಅಲ್ಲಿ ಅದಕ್ಕೆ ಸೊಗಸದು. ಒಡಲಿಗಿಂತ ತಂಪಾಗಿರುವ ಬೆರಳು, ಮುಂಗೈ, ಮೊಣಕೈಗಳೇ ಅದಕ್ಕೆ ಇಷ್ಟ. ಗಾಯದೊಳಗೆ ಹೊಕ್ಕ ಮೇಲೆ ಎರಡರಿಂದ ನಾಲ್ಕು ವಾರಗಳವರೆಗೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದು ಸುಮ್ಮನಿರುತ್ತದೆ. ಅಷ್ಟರಲ್ಲಿ ಗಾಯವಾದ ನೆನಪೇ ಮಾಸಿರುತ್ತದೆ.

ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲಾಬಾಲಕಿಯನ್ನು ಕಲ್ಪಿಸಿಕೊಳ್ಳಬಹುದು. ರಜೆಯ ದಿನ ಹತ್ತಿ ಬಿಡಿಸಲು ತಾಯಿಯೊಂದಿಗೆ ಹೊಲಕ್ಕೆ ಹೋದಾಗ ಒಣಗಿದ ಕಾಯಿಯ ಮೊನೆ ತಾಗಿ ಅವಳ ಬೆರಳುಗಳಲ್ಲಿ ಗೀರುಗಳೆದ್ದಿವೆ. ಅಂಥ ಗೀರುಗಳು ಎರೆನೆಲದ ಮಕ್ಕಳಿಗೆ ಲೆಕ್ಕಕ್ಕಿಲ್ಲ. ಸಂಜೆ ಅದೇ ಕೈಯಿಂದ ತಮ್ಮನ ಮೀನುತೊಟ್ಟಿಯನ್ನು ತೊಳೆಯುತ್ತಾಳೆ. ಒಂದು ತಿಂಗಳ ನಂತರ ಬೆರಳಿನ ಮೇಲೆ ಕೆಂಪಗಿನ ಒಂದು ಗಂಟು ಏಳುತ್ತದೆ, ಅಷ್ಟಾಗಿ ನೋವಿಲ್ಲ. ಮುಲಾಮು ಹಚ್ಚುತ್ತಾರೆ, ಹೋಗುವುದಿಲ್ಲ. ಕ್ರಮೇಣ ಮುಂಗೈಯ ಮೇಲೆ ಸಾಲಾಗಿ ಮತ್ತೆ ಎರಡು ಗಂಟುಗಳು ಕಾಣಿಸುತ್ತವೆ. ಆಗ ಓಣಿಯಲ್ಲಿ ಪಿಸುಮಾತು ಹುಟ್ಟುತ್ತದೆ. ದೊಡ್ಡ ರೋಗವಿರಬಹುದೇ ಎಂದು ಒಬ್ಬರು, ಗಾಳಿ ಸೋಕಿರಬಹುದೆಂದು ಇನ್ನೊಬ್ಬರು. ಶಾಲೆಯಲ್ಲಿ ಅವಳ ಪಕ್ಕದಲ್ಲಿ ಕೂಡ್ರುತ್ತಿದ್ದ ಗೆಳತಿ ದೂರ ಸರಿಯುತ್ತಾಳೆ. ಗಂಟಿನ ನೋವಿಗಿಂತ ಈ ನೋವು ದೊಡ್ಡದು.

ವಾಸ್ತವದಲ್ಲಿ ಕುಷ್ಠವಾದರೂ ಮದ್ದಿನಿಂದ ಸಂಪೂರ್ಣ ಗುಣವಾಗುವ ರೋಗ. ಅದಕ್ಕಾಗಿ ಯಾರನ್ನೂ ದೂರ ಮಾಡುವುದು ತಪ್ಪು. ಇನ್ನು ಮೀನುತೊಟ್ಟಿಯ ಗಂಟುರೋಗವಂತೂ ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಆದರೆ ಅದನ್ನು ಗುರುತಿಸಬೇಕಾದರೆ ವೈದ್ಯರಿಗೆ ಒಂದು ಸುಳಿವು ಬೇಕು. ಗಂಟಿನ ಚೂರನ್ನು ತೆಗೆದು ಪ್ರಯೋಗಾಲಯದಲ್ಲಿ ಅಣುಗಳನ್ನು ಬೆಳೆಸುವಾಗ ಸಾಮಾನ್ಯವಾಗಿ ಒಡಲಿನ ಶಾಖವನ್ನೇ, ಅಂದರೆ 37 ಡಿಗ್ರಿಯನ್ನೇ ಇಡುತ್ತಾರೆ. ಆ ಶಾಖದಲ್ಲಿ ಈ ಅಣು ಸರಿಯಾಗಿ ಬೆಳೆಯದೆ, ರೋಗಾಣು ಇಲ್ಲವೆಂಬ ವರದಿ ಬರಬಹುದು. ‘ಮನೆಯಲ್ಲಿ ಮೀನು ಸಾಕಿದ್ದೀರೇನಮ್ಮ?’ ಎಂದು ವೈದ್ಯರು ಕೇಳಿದರೆ, ಅಥವಾ ಅವರು ಕೇಳುವ ಮೊದಲೇ ಹುಡುಗಿಯು ಆ ಮಾತನ್ನು ಹೇಳಿದರೆ, ಪರೀಕ್ಷೆ ತಂಪಾದ ಶಾಖದಲ್ಲಿ ನಡೆಯುತ್ತದೆ, ನಿಜ ಹೊರಬೀಳುತ್ತದೆ. ತಕ್ಕ ಔಷಧಿಯನ್ನು ಕೆಲವು ತಿಂಗಳುಗಳವರೆಗೆ ಬಿಡದೆ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಅಲಕ್ಷ್ಯ ಮಾಡಿದರೆ ಅಣುವು ಬೆರಳಿನ ಸ್ನಾಯುರಜ್ಜು ಮತ್ತು ಕೀಲುಗಳವರೆಗೆ ಇಳಿದು ಕೈ ಸೆಟೆಯಬಹುದು; ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎಲ್ಲ ಅಣುಗಳೂ ಹೀಗೆ ನಿಧಾನವಾಗಿ ನಡೆಯುವುದಿಲ್ಲ. ಸಿಹಿನೀರಿನಲ್ಲಿರುವ ಏರೋಮೊನಾಸ್ ಎಂಬ ಅಣು ಗಾಯವನ್ನು ಹೊಕ್ಕರೆ ಒಂದೆರಡು ದಿನಗಳಲ್ಲಿಯೇ ಕೈ ಕೆಂಪಾಗಿ ಬಾತು ಜ್ವರ ಬರಬಹುದು. ಸಕ್ಕರೆ ಕಾಯಿಲೆ ಅಥವಾ ಯಕೃತ್ತಿನ ಕಾಯಿಲೆ ಇದ್ದವರಲ್ಲಿ ಇದು ಪ್ರಾಣಕ್ಕೂ ಎರವಾದೀತು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲ ಎಂಬ ಅಣುವಿರುತ್ತದೆ. ಆಮೆ ಆರೋಗ್ಯವಾಗಿ ಕಂಡರೂ ಅದನ್ನು ಮುಟ್ಟಿದ ಕೈಯನ್ನು ಬಾಯಿಗಿಟ್ಟ ಮಗುವಿಗೆ ಜ್ವರ, ವಾಂತಿ, ಭೇದಿಗಳು ಬರುತ್ತವೆ. ಈ ಕಾರಣದಿಂದಲೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ, ಎಂದರೆ ಸುಮಾರು 10 ಸೆಂಟಿಮೀಟರಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿದರು. ಚಿಕ್ಕ ಆಮೆಯನ್ನೇ ಅಲ್ಲವೇ ಮಕ್ಕಳು ಬಾಯಿಗಿಟ್ಟುಕೊಳ್ಳುವುದು!

ಹಾಗಾದರೆ ಕಚ್ಚಿದಾಗ ಅಥವಾ ಚುಚ್ಚಿದಾಗ ಮಾಡಬೇಕಾದುದೇನು? ಮೊದಲು ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಬೇಕು. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿಹಿಡಿಯಬೇಕು. ವಿಷದ ಮುಳ್ಳು ಚುಚ್ಚಿದ್ದರೆ ಆ ಭಾಗವನ್ನು ಸುಮಾರು 45 ಡಿಗ್ರಿ ಮೀರದ, ತಾಳಿಕೊಳ್ಳಬಹುದಾದಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮುಳುಗಿಸಿಡಬೇಕು. ಮೀನಿನ ವಿಷವು ಶಾಖಕ್ಕೆ ಕೆಡುವಂಥದಾದ್ದರಿಂದ ಇದರಿಂದ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಗಾಯವಾಗದ ಇನ್ನೊಂದು ಕೈಯಿಂದ ಪರೀಕ್ಷಿಸಬೇಕು. ನೋಯುವ ಕೈಗೆ ಬಿಸಿಯ ಅಂದಾಜು ಸಿಗದೆ ಚರ್ಮ ಸುಟ್ಟೀತು. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಸುಣ್ಣ ಅಥವಾ ತಂಬಾಕು ಮೆತ್ತುವುದು ಸಲ್ಲದು. ಮುಳ್ಳಿನ ತುಂಡು ಒಳಗೆ ಉಳಿದಿದ್ದರೆ, ಬಾವು ಏರುತ್ತಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನೂ ವಿಚಾರಿಸಬೇಕು. ಸರಕಾರದ ಲಸಿಕಾ ಕಾರ್ಯಕ್ರಮದಂತೆ ಮಕ್ಕಳಿಗೆ 10ನೆಯ ಮತ್ತು 16ನೆಯ ವಯಸ್ಸಿನಲ್ಲಿ ಈ ಲಸಿಕೆಯನ್ನು ಕೊಡುತ್ತಾರೆ. ಹಿಂದಿನದು ತಪ್ಪಿದೆಯೋ ಎಂಬುದನ್ನು ತಂದೆತಾಯಿಗಳೊಡನೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಹುಚ್ಚುನಾಯಿ ರೋಗದ ಅಂಜಿಕೆ ಮಾತ್ರ ಇಲ್ಲಿ ಬೇಕಾಗಿಲ್ಲ. ಆ ರೋಗ ಬರುವುದು ನಾಯಿ, ಬೆಕ್ಕು ಮುಂತಾದ ಸಸ್ತನಿಗಳಿಂದ. ಮೀನು, ಆಮೆ, ಏಡಿಗಳಿಂದಲ್ಲ. ನಾಯಿ ಕಚ್ಚಿದರೆ ಮಾತ್ರ ಹದಿನೈದು ನಿಮಿಷ ಸಾಬೂನಿನಿಂದ ತೊಳೆದು ಅದೇ ದಿನ ಲಸಿಕೆಗೆ ಧಾವಿಸಲೇಬೇಕು.

ಮದ್ದಿಗಿಂತ ಮುನ್ನೆಚ್ಚರಿಕೆ ಲೇಸು. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕದಿರುವುದು, ತೊಳೆಯುವಾಗ ಮೊಣಕೈವರೆಗಿನ ರಬ್ಬರ್ ಕೈಗವಸು ಧರಿಸುವುದು, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಇಷ್ಟು ಸಾಕು. ಕೊಳವೆಯಿಂದ ನೀರು ಇಳಿಸುವಾಗ ಅದನ್ನು ಬಾಯಿಂದ ಎಳೆಯುವ ಅಭ್ಯಾಸ ಕೆಟ್ಟದ್ದು. ತೊಟ್ಟಿಯ ನೀರನ್ನು ಅಡುಗೆಮನೆಯ ಮೋರಿಯಲ್ಲಿ ಚೆಲ್ಲದೆ ಹಿತ್ತಲಿನ ಗಿಡಗಳಿಗೆ ಹಾಕಬಹುದು. ಗಾಳಿ ಊದುವ ಯಂತ್ರದ ವಿದ್ಯುತ್ತನ್ನು ನಿಲ್ಲಿಸಿಯೇ ನೀರು ಮುಟ್ಟಬೇಕು.

ಸಾಕುವವನ ಹೊಣೆ ತನ್ನ ಕೈಗಷ್ಟೇ ಸೀಮಿತವಲ್ಲ. ಕೆರೆಯಲ್ಲಿ ಸಿಕ್ಕ ಆಮೆಯನ್ನು ಮನೆಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಸಾಕಿ ಬೇಸರವಾದ ಪರದೇಶದ ಮೀನನ್ನು, ಆಮೆಯನ್ನು ಕೆರೆಗೆ ಬಿಟ್ಟರೆ ಅದು ಅಲ್ಲಿಯ ಮೂಲಜೀವಿಗಳ ಆಹಾರವನ್ನೂ ನೆಲೆಯನ್ನೂ ಕಸಿದುಕೊಳ್ಳುತ್ತದೆ. ದಯೆಯೆಂದು ಮಾಡಿದ ಕೆಲಸ ಕೆರೆಗೆ ಕೇಡಾಗುತ್ತದೆ.

ಇದನ್ನೆಲ್ಲ ಓದಿ ಮೀನುತೊಟ್ಟಿಯನ್ನು ಕಂಡು ಅಂಜಬೇಕಾಗಿಲ್ಲ. ಮೀನು ಸಾಕಿದವರಲ್ಲಿ ಬಹುತೇಕರು ಯಾವ ರೋಗವೂ ಇಲ್ಲದೆ ಸುಖವಾಗಿದ್ದಾರೆ. ಮಳೆ ಕಾಣದ ಬಯಲುನಾಡಿನ ಮನೆಯಲ್ಲಿ ಒಂದು ಗಾಜಿನ ಕೊಳ, ಅದರೊಳಗೆ ಸುಳಿದಾಡುವ ನಾಲ್ಕು ಬಣ್ಣದ ಜೀವಗಳು ಮನಸ್ಸಿಗೆ ತಂಪನ್ನೀಯುತ್ತವೆ. ಅವುಗಳಿಗೆ ಹೊತ್ತಿಗೆ ಸರಿಯಾಗಿ ಆಹಾರ ಹಾಕುವ ಮಗು ಕರುಣೆಯನ್ನೂ ಕ್ರಮವನ್ನೂ ಕಲಿಯುತ್ತದೆ. ವೈದ್ಯರ ಮುಂದೆ ಮತ್ತು ವಕೀಲರ ಮುಂದೆ ಏನನ್ನೂ ಮುಚ್ಚಿಡಬಾರದೆಂದು ಹಿರಿಯರು ಹೇಳುತ್ತಾರೆ. ಮಾಯದ ಗಾಯವೊಂದು ಕೈಯ ಮೇಲಿದ್ದಾಗ, ‘ನಮ್ಮ ಮನೆಯಲ್ಲಿ ಮೀನುಗಳಿವೆ’ ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಲು ಮರೆಯದಿದ್ದರೆ, ಆ ಮಾತೇ ಅರ್ಧ ಔಷಧಿಯಾಗುತ್ತದೆ.