ಸವಾರನ ಮೈಯನ್ನು ಓದುವ ಕುದುರೆ

ಅಮೆರಿಕದ ವಯೋಮಿಂಗ್, ಮೊಂಟಾನಾ, ಕೊಲರಾಡೊ ಕಡೆಯ ಅತಿಥಿ ರ‍್ಯಾಂಚ್‌ಗಳಲ್ಲಿ ಬೇಸಿಗೆಯ ಬೆಳಿಗ್ಗೆ ನಡೆಯುವುದನ್ನು ಕೂತು ಯೋಚಿಸಿದರೆ, ಅದು ನಡೆಯಲೇಬಾರದು ಅನ್ನಿಸುತ್ತದೆ. ಕಡ್ಡಿ ಅಲುಗಿದರೂ ಬೆಚ್ಚಿ ಓಡುವ ಸ್ವಭಾವದ, ಸುಮಾರು 500 ಕೆ.ಜಿ. ತೂಗುವ ಪ್ರಾಣಿಯ ಬೆನ್ನ ಮೇಲೆ, ಅಲ್ಲಿಯತನಕ ಕುದುರೆಯನ್ನು ಮುಟ್ಟಿಯೂ ನೋಡದವರನ್ನು ಕೂರಿಸಿ, ಕಲ್ಲುಮುಳ್ಳಿನ ಬೆಟ್ಟದ ದಾರಿಯಲ್ಲಿ ಒಂದೆರಡು ಗಂಟೆ ಸುತ್ತಿಸಿ ಕರೆತರುತ್ತಾರೆ. ಡಕೋಟಾದಲ್ಲಿದ್ದ ಈಟನ್ ಸಹೋದರರು 1904ರಲ್ಲಿ ವಯೋಮಿಂಗ್‌ಗೆ ಬಂದು ನೆಲೆಸಿ ಇದನ್ನೇ ಕಸುಬಾಗಿಸಿಕೊಂಡರು. 1926ರ ಹೊತ್ತಿಗೆ ಇಂಥ ರ‍್ಯಾಂಚ್ ಮಾಲೀಕರ ಸಂಘವೇ ಹುಟ್ಟಿತ್ತು. ಅಂದರೆ ಹೊಸಬರನ್ನು ಹೊರುವ ಈ ಕೆಲಸ ನೂರು ವರ್ಷ ದಾಟಿದೆ. ಅರ್ಧ ಗಂಟೆಯ ಪಾಠದಲ್ಲಿ ಸವಾರ ಕಲಿಯುವುದು ಅಷ್ಟಕ್ಕಷ್ಟೆ. ಮಿಕ್ಕಿದ್ದನ್ನೆಲ್ಲ ನಿಭಾಯಿಸುವುದು ಕುದುರೆ.

ಕುದುರೆ ಎಂದರೆ ನಮಗೆ ನೆನಪಾಗುವುದು ರೇಸು. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಬೆಳೆಸುತ್ತಿದ್ದ ಥರೋಬ್ರೆಡ್ ಓಟಕ್ಕೆಂದೇ ತಳಿ ಆಯ್ದ ಬಿಸಿರಕ್ತದ ಪ್ರಾಣಿ. ರ‍್ಯಾಂಚಿನಲ್ಲಿ ಹೆಚ್ಚಾಗಿ ಕಾಣಸಿಗುವುದು ಕ್ವಾರ್ಟರ್ ಹಾರ್ಸ್: ಗಿಡ್ಡನೆಯ, ತುಂಬಿದ ತೊಡೆಯ, ದನ ಕಾಯುವ ಕೆಲಸಕ್ಕೆ ಪಳಗಿದ ತಳಿ. ಅದರಲ್ಲೂ ಹೊಸಬರ ಪಾಲಿಗೆ ಬರುವುದು ವಯಸ್ಸಾದ, ಹತ್ತಾರು ಬೇಸಿಗೆ ಕಂಡ ಕುದುರೆ. ಅದು ಚುರುಕಾಗಿಲ್ಲ ಎಂದು ದೂರುವವರು ತಮಗೆ ಸಿಕ್ಕ ಅದೃಷ್ಟವನ್ನು ಅರಿಯದವರು.

ಎಲ್ಲವೂ ಸಾಲಾಗಿ ಹೋಗುವುದಕ್ಕೆ ಕಾರಣ ಹಿಂಡಿನ ಬುದ್ಧಿ. ಬಯಲಿನಲ್ಲಿ ಹಿಂಡು ತಪ್ಪಿದ ಕುದುರೆ ತೋಳಕ್ಕೆ ಆಹಾರ. ಹಾಗಾಗಿ ಮುಂದಿನ ಕುದುರೆಯ ಹಿಂದೆಯೇ ಸಾಗುವುದು ಅದರ ರಕ್ತದಲ್ಲಿದೆ. ಮಾರ್ಗದರ್ಶಿಯ ಕುದುರೆ ನಡೆದರೆ ಉಳಿದವು ನಡೆಯುತ್ತವೆ, ನಿಂತರೆ ನಿಲ್ಲುತ್ತವೆ. ಆದರೆ ಹಿಂಡಿನಲ್ಲಿ ಮೇಲು ಕೀಳು, ಸಿಟ್ಟು ಸೆಡವು ಎಲ್ಲ ಇವೆ. ಮದುವೆಮನೆಯ ಪಂಕ್ತಿಯಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬಾರದೆಂದು ಬಲ್ಲ ಹಿರಿಯರಂತೆ, ಕುದುರೆ ನೋಡಿಕೊಳ್ಳುವ ರ‍್ಯಾಂಗ್ಲರ್ ಸಾಲಿನ ಕ್ರಮವನ್ನು ಮೊದಲೇ ಗೊತ್ತುಮಾಡಿರುತ್ತಾನೆ. ಎರಡು ಕುದುರೆಗಳ ನಡುವೆ ಕನಿಷ್ಠ ಒಂದು ಕುದುರೆಯುದ್ದದ ಜಾಗ ಬಿಡಿ ಎನ್ನುವುದೂ ಇದಕ್ಕೇ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಆ ಕುದುರೆ ಹಿಂಗಾಲಲ್ಲಿ ಒದೆಯುತ್ತದೆ ಎಂದು ಅರ್ಥ.

ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಕುದುರೆಗೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಬಾಲದ ನೇರ ಹಿಂದೆ ಮತ್ತು ಹಣೆಯ ಮುಂದೆ, ಮೂಗಿನ ಕೆಳಗೆ ತೀರಾ ಹತ್ತಿರದಲ್ಲಿ. ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ ಎಂಬ ಎಚ್ಚರಿಕೆ ಅದಕ್ಕೆ. ಕಲ್ಲು ದಾರಿಯಲ್ಲಿ ಕುದುರೆ ತಲೆ ಬಗ್ಗಿಸಿ ನಡೆಯುತ್ತದೆ. ಬಿದ್ದುಬಿಡುತ್ತದೇನೋ ಎಂದು ಹೆದರಿ ಹೊಸಬರು ಲಗಾಮನ್ನು ಬಿಗಿಯಾಗಿ ಹಿಡಿದೆಳೆಯುತ್ತಾರೆ. ಆಗ ಪಾಪ, ಅದಕ್ಕೆ ಕಾಲಿಡುವ ಜಾಗವನ್ನು ಸರಿಯಾಗಿ ನೋಡಲಾಗುವುದಿಲ್ಲ. ಇಲ್ಲಿ ಸವಾರ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಲಗಾಮು ಸಡಿಲಬಿಡುವುದು.

ಇಷ್ಟಾದರೂ ಬೆನ್ನ ಮೇಲಿರುವವನು ಬರಿಯ ಮೂಟೆಯಲ್ಲ. ಮೈಮೇಲೆ ನೊಣ ಕೂತರೆ ಅಷ್ಟು ಭಾಗದ ಚರ್ಮವನ್ನು ಮಾತ್ರ ಅದುರಿಸಿ ಓಡಿಸಬಲ್ಲ ಪ್ರಾಣಿ ಅದು. ಸವಾರನ ತೂಕ ಎಡಕ್ಕೆ ವಾಲಿದ್ದು, ತೊಡೆ ಬಿಗಿದದ್ದು ಜೀನಿನ ದಪ್ಪ ಚರ್ಮದ ಕೆಳಗೂ ಅದಕ್ಕೆ ತಿಳಿಯುತ್ತದೆ. ಈ ಸೂಕ್ಷ್ಮಗ್ರಹಣಕ್ಕೆ ಹೆಸರಾದದ್ದು ಬರ್ಲಿನ್‌ನ ಹಾನ್ಸ್ ಎಂಬ ಕುದುರೆ. ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ಮೇಷ್ಟರು ಲೆಕ್ಕ ಕೇಳಿದರೆ ಅದು ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ 1907ರಲ್ಲಿ ಗುಟ್ಟು ಬಯಲು ಮಾಡಿದರು. ಸರಿಯುತ್ತರ ಬಂದೊಡನೆ ಪ್ರಶ್ನೆ ಕೇಳಿದವರ ತಲೆ ತಮಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ನೋಡಿ ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಅದಕ್ಕೂ ಗೊತ್ತಾಗುತ್ತಿರಲಿಲ್ಲ. ಲೆಕ್ಕ ಬಲ್ಲ ಕುದುರೆಗಿಂತ ಇದೇ ದೊಡ್ಡ ಬೆರಗು ಎಂದು ನನ್ನ ಎಣಿಕೆ.

2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವೊಂದು ನಮ್ಮ ಹೊಸ ಸವಾರನಿಗೆ ಇನ್ನೂ ಹತ್ತಿರದ್ದು. ಕುದುರೆಯನ್ನು ಒಂದು ಗೊತ್ತಾದ ದಾರಿಯಲ್ಲಿ ಕೆಲವರು ಹಿಡಿದು ನಡೆಸಿದರು, ಕೆಲವರು ಏರಿ ಓಡಾಡಿಸಿದರು. ಕೊನೆಯ ಸುತ್ತಿಗೆ ಮುಂಚೆ, ಈ ಸಲ ಕುದುರೆಯೆದುರು ಫಕ್ಕನೆ ಕೊಡೆ ಬಿಚ್ಚುತ್ತೇವೆ ಎಂದು ಅವರಿಗೆ ಹೇಳಲಾಯಿತು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ಹೆದರಿದ ಸವಾರ ಮೊಣಕಾಲು ಬಿಗಿದು, ಉಸಿರು ಹಿಡಿದು ಕೂರುತ್ತಾನೆ. ಕಾಲಿನ ಒತ್ತು ಕುದುರೆಗೆ ‘ನಡೆ’ ಎನ್ನುತ್ತದೆ, ಎಳೆದ ಲಗಾಮು ‘ನಿಲ್ಲು’ ಎನ್ನುತ್ತದೆ. ಮುದಿ ಕುದುರೆಯಾದರೆ ಎರಡನ್ನೂ ಕಿವಿಗೆ ಹಾಕಿಕೊಳ್ಳದೆ ಮುಂದಿನ ಬಾಲವನ್ನು ಹಿಂಬಾಲಿಸುತ್ತದೆ; ಎಳೆಯದಾದರೆ ಗಲಿಬಿಲಿಗೊಳ್ಳುತ್ತದೆ.

ಹೊಸಬರನ್ನು ನಡಿಗೆಯಲ್ಲೇ ಕರೆದೊಯ್ಯುವುದಕ್ಕೂ ಕಾರಣವಿದೆ. ನಡಿಗೆಯಲ್ಲಿ ನಾಲ್ಕು ಗೊರಸುಗಳು ಒಂದಾದ ಮೇಲೊಂದು ನೆಲ ಮುಟ್ಟುತ್ತವೆ, ಯಾವಾಗಲೂ ಎರಡಾದರೂ ನೆಲದ ಮೇಲಿರುತ್ತವೆ. ವೇಗ ಗಂಟೆಗೆ ಸುಮಾರು ಆರು ಕಿ.ಮೀ. ಮುಂದಿನ ಹಂತವಾದ ದುಡುಕೋಟದಲ್ಲಿ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ, ಮಧ್ಯೆ ಕುದುರೆ ಗಾಳಿಯಲ್ಲಿರುತ್ತದೆ, ಸವಾರನ ಸೊಂಟ ನಡುಗಿಹೋಗುತ್ತದೆ. ಪ್ರತಿ ನಡೆಯಲ್ಲೂ ಅತಿ ಕಡಿಮೆ ಶಕ್ತಿ ಖರ್ಚಾಗುವ ವೇಗವೊಂದಿದೆ, ಬಿಟ್ಟರೆ ಕುದುರೆ ಅದನ್ನೇ ಆರಿಸಿಕೊಳ್ಳುತ್ತದೆ ಎಂದು ಸಂಶೋಧಕರಾದ ಹಾಯ್ಟ್ ಮತ್ತು ಟೇಲರ್ 1981ರಲ್ಲಿ ತೋರಿಸಿದರು. ಲಾಯದತ್ತ ತಿರುಗಿದ ಮೇಲೆ ಮಾತ್ರ ಈ ಲೆಕ್ಕ ಸ್ವಲ್ಪ ಮರೆತುಹೋಗುತ್ತದೆ. ಎಲ್ಲ ಕುದುರೆಗಳ ಹೆಜ್ಜೆಯೂ ಚುರುಕಾಗುತ್ತದೆ.

ತೂಕದ ಮಾತು ಉಳಿಯಿತು. ಅಮೆರಿಕದ ಒಹಾಯೊದಲ್ಲಿ ಎಂಟು ಕುದುರೆಗಳ ಮೇಲೆ ಅವುಗಳ ದೇಹತೂಕದ ಶೇ. 15, 20, 25, 30ರಷ್ಟು ಭಾರ ಹೊರಿಸಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಶೇ. 25 ಮತ್ತು 30ರ ಭಾರದಲ್ಲಿ ಸ್ನಾಯುಗಳ ನೋವು, ಬಿಗಿತ ಎದ್ದು ಕಂಡವು. ಶೇ. 20ರೊಳಗಿರಲಿ ಎಂಬ ಹಳೆಯ ಅಂದಾಜಿಗೆ ಇದು ಹೊಂದುತ್ತದೆ. 450 ಕೆ.ಜಿ. ಕುದುರೆಯಾದರೆ 90 ಕೆ.ಜಿ.; ಅದರಲ್ಲಿ ಜೀನೇ 15 ಕೆ.ಜಿ. ಹಿಡಿದರೆ ಸವಾರನ ಪಾಲಿಗೆ 75. ಭಾರದ ಮೈಯವರಿಗೆ ದೊಡ್ಡ ತಳಿಯ ಕುದುರೆ ಕೊಡುತ್ತಾರೆ. ಬುಕ್ ಮಾಡುವಾಗಲೇ ತೂಕ ಕೇಳುತ್ತಾರೆ, ನಾಚಿಕೆಪಟ್ಟು ನಾಲ್ಕು ಕೆ.ಜಿ. ಕಡಿಮೆ ಹೇಳುವವರೂ ಇದ್ದಾರೆ. ಲಾಯದ ಪಕ್ಕ ತಕ್ಕಡಿ ಇಟ್ಟುಕೊಂಡ ರ‍್ಯಾಂಚ್‌ಗಳೂ ಇವೆ.