ಯಾವ ಮೀನು, ಸ್ವಾಮಿ?

ಪರವಾನಗಿ ಇಲ್ಲದೆ ಮೀನು ಹಿಡಿದ ಬೂಡ್ರೋ ಬುಟ್ಟಿ ಸಮೇತ ಅಧಿಕಾರಿಯ ಕೈಗೆ ಸಿಕ್ಕಿಬೀಳುತ್ತಾನೆ. 'ಇವು ಹಿಡಿದಿದ್ದಲ್ಲ ಸ್ವಾಮಿ, ನಾನೇ ಸಾಕಿದ್ದು. ದಿನಾ ಸಂಜೆ ಈಜೋಕೆ ಬಿಡ್ತೀನಿ. ಒಂದು ಸಿಳ್ಳೆ ಹೊಡೆದ್ರೆ ಎಲ್ಲಾ ವಾಪಸ್ ಬಂದು ಬುಟ್ಟಿಗೆ ಬೀಳ್ತವೆ.' ಅಧಿಕಾರಿಗೆ ಕುತೂಹಲ. 'ಎಲ್ಲಿ, ತೋರಿಸು ನೋಡೋಣ.' ಬೂಡ್ರೋ ಬುಟ್ಟಿಯನ್ನು ನೀರಿಗೆ ಬೋರಲು ಹಾಕಿ ಸುಮ್ಮನೆ ನಿಲ್ಲುತ್ತಾನೆ. 'ಹ್ಞೂಂ, ಕರಿ ಈಗ.' 'ಯಾರನ್ನ?' 'ಮೀನುಗಳನ್ನಯ್ಯ!' 'ಯಾವ ಮೀನು, ಸ್ವಾಮಿ?'

ಅಮೆರಿಕದ ಲೂಯಿಸಿಯಾನದಲ್ಲಿ ಬೂಡ್ರೋ ಮತ್ತು ಅವನ ಜೊತೆಗಾರ ಟಿಬೊಡೊ ಹೆಸರಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ. ಹೇಳುವವರು ಕೇಜನ್ನರು. ಈಗಿನ ಕೆನಡಾದ ನೋವಾ ಸ್ಕೋಷಿಯಾ ಕಡೆಯ ಅಕೇಡಿಯದಿಂದ 1755ರಲ್ಲಿ ಬ್ರಿಟಿಷರು ಫ್ರೆಂಚ್ ಭಾಷಿಕರನ್ನು ಹೊರದಬ್ಬಲು ಶುರುಮಾಡಿದರು. ಅವರಲ್ಲಿ ಹಲವರು ಅಲೆದಲೆದು ಕೊನೆಗೆ ನೆಲೆ ಕಂಡದ್ದು ಇಲ್ಲಿನ ಜೌಗು ನೆಲದಲ್ಲಿ, ಬಾಯೂ ಎನ್ನುವ ನಿಧಾನಗತಿಯ ಹೊಳೆಗಳ ದಂಡೆಯಲ್ಲಿ.

ಮೀನಿನ ಕಥೆಯನ್ನು ಓದಿದರೆ ಅರ್ಧ ರುಚಿ ಮಾತ್ರ. ಹೇಳುವವನ ಬಾಯಲ್ಲಿ 'ದಿಸ್' ಹೋಗಿ 'ಡಿಸ್' ಆಗಬೇಕು, ಮಾತಿನ ಮೊದಲಿಗೆ ಫ್ರೆಂಚಿನ 'ಮೇ' ಬರಬೇಕು, ಕೊನೆಗೆ ಅಕ್ಕರೆಯ 'ಶಾ' ಸೇರಬೇಕು. ಈ ಇಂಗ್ಲಿಷ್ ಸುಮ್ಮನೆ ಹುಟ್ಟಿದ್ದಲ್ಲ. ಲೂಯಿಸಿಯಾನದ 1921ರ ಸಂವಿಧಾನ ಶಾಲೆಯ ಪಾಠವನ್ನೆಲ್ಲ ಇಂಗ್ಲಿಷಿಗೆ ಕಟ್ಟಿಹಾಕಿತು. ಮನೆಯಲ್ಲಿ ಫ್ರೆಂಚ್ ಬಿಟ್ಟು ಬೇರೇನೂ ಕೇಳದ ಮಕ್ಕಳು ಶಾಲೆಯಲ್ಲಿ ಅದನ್ನಾಡಿದರೆ ಏಟು ತಿನ್ನಬೇಕು, ಇಲ್ಲವೇ 'ಇನ್ನು ಫ್ರೆಂಚ್ ಆಡುವುದಿಲ್ಲ' ಎಂದು ಸಾಲುಸಾಲು ಬರೆಯಬೇಕು. ಆ ಮಕ್ಕಳು ದೊಡ್ಡವರಾಗಿ ಅಧಿಕಾರಿಗೆ ನೀರು ಕುಡಿಸುವ ಕಥೆ ಹೇಳಿ ನಕ್ಕರೆ, ಆ ನಗುವಿನ ಬೇರು ಎಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಧಾಟಿಯನ್ನು ಹೊರಗಿನವರಿಗೆ ಮಾರಬಹುದು ಎಂಬುದು 1920-30ರ ದಶಕದಲ್ಲೇ ಗೊತ್ತಾಗಿತ್ತು. ವಾಲ್ಟರ್ ಕೋಕೀಲ್ ಎಂಬಾತ 'ಬಾಯೂ ಪೊಂಪೊಂ' ಎಂಬ ಕಲ್ಪಿತ ಊರಿನ ಮೇಯರ್ ವೇಷದಲ್ಲಿ ಹೇಳಿದ ಹಾಸ್ಯ ಗ್ರಾಮಫೋನ್ ತಟ್ಟೆಗಳಲ್ಲಿ ಬಂತು. ಅದನ್ನು ಮನೆಮಾತು ಮಾಡಿದವನು ಮಾತ್ರ ಜಸ್ಟಿನ್ ವಿಲ್ಸನ್ (1914-2001). ವೃತ್ತಿಯಲ್ಲಿ ಸುರಕ್ಷತಾ ಎಂಜಿನಿಯರ್. ಕಾರ್ಮಿಕರಿಗೆ ಭಾಷಣ ಬಿಗಿಯುವಾಗ ಅವರು ತೂಕಡಿಸದಿರಲಿ ಎಂದು ಕಥೆ ಹೇಳತೊಡಗಿದ. ಮುಂದೆ ಟಿ.ವಿ.ಯಲ್ಲಿ ಅಡುಗೆ ಮಾಡುತ್ತಾ 'ಐ ಗಾ-ರಾನ್-ಟೀ!' ಎಂದು ಎಳೆದೆಳೆದು ಹೇಳಿ ಅಮೆರಿಕವನ್ನೇ ನಗಿಸಿದ. ಸೊಂಟಕ್ಕೆ ಬೆಲ್ಟೂ ಇರುತ್ತಿತ್ತು, ಹೆಗಲ ಮೇಲೆ ಸಸ್ಪೆಂಡರೂ ಇರುತ್ತಿತ್ತು. ಸುರಕ್ಷತಾ ಎಂಜಿನಿಯರ್ ಅಲ್ಲವೇ!

ಆತ ಹುಟ್ಟಿದ್ದು ಕೇಜನ್ ಸೀಮೆಯಾಚೆಯ ರೋಸ್‌ಲ್ಯಾಂಡಿನಲ್ಲಿ, ತಂದೆ ರಾಜ್ಯದ ಕೃಷಿ ಆಯುಕ್ತ. ನಮ್ಮನ್ನು ಪೆದ್ದರನ್ನಾಗಿ ತೋರಿಸಿದ ಎಂದು ಅನೇಕ ಕೇಜನ್ನರಿಗೆ ಅವನ ಮೇಲೆ ಸಿಟ್ಟಿತ್ತು. ಆತನ ಮಾತಿನ ಲಯಕ್ಕೆ ನಾನೂ ಸೋತಿದ್ದೇನೆ. ಆದರೂ ಆ ಸಿಟ್ಟು ನ್ಯಾಯವೆಂದೇ ಅನ್ನಿಸುತ್ತದೆ. ಊರವರ ನಡುವೆ ಹೇಳಿದಾಗ ನಗೆಪಾಟಲಾಗುವವನು ಅಧಿಕಾರಿ. ಅದೇ ಕಥೆ ದೂರದ ಊರಿನ ಸಭಾಂಗಣಕ್ಕೆ ಹೋದಾಗ ಜನ ಬೂಡ್ರೋನ ಉಚ್ಚಾರಕ್ಕೇ ನಗುತ್ತಾರೆ.

ಫ್ರೆಂಚಿನಲ್ಲೇ ಉಳಿದ ಕಥೆಗಳ ಹದ ಬೇರೆ. ಜಾನಪದ ವಿದ್ವಾಂಸ ಬ್ಯಾರಿ ಜೀನ್ ಆನ್ಸ್‌ಲೆ ಅವನ್ನು ಹೇಳುವವರ ಬಾಯಿಂದಲೇ ಧ್ವನಿಮುದ್ರಿಸಿಕೊಂಡು 1994ರಲ್ಲಿ ಮೂಲ ಮತ್ತು ಅನುವಾದ ಸಹಿತ ಪ್ರಕಟಿಸಿದರು. ಕೇಜನ್ನರ ಜೊತೆಗೆ ಕಪ್ಪು ಜನರ ಕ್ರಿಯೋಲ್ ಕಥೆಗಳೂ ಅಲ್ಲಿವೆ. ಬೂಕಿ ಎಂಬ ದಡ್ಡನಿಗೆ ಲಪ್ಯಾಂ ಎಂಬ ಮೊಲ ಸದಾ ಟೋಪಿ ಹಾಕುತ್ತದೆ. ಬೂಕಿ ಮೂಲದಲ್ಲಿ ಪಶ್ಚಿಮ ಆಫ್ರಿಕಾದ ಕತ್ತೆಕಿರುಬ, ಗುಲಾಮರ ಜೊತೆ ಹಡಗೇರಿ ಬಂದದ್ದು.

ನನಗೆ ಹೆಚ್ಚು ಇಷ್ಟ ಮಾಮೂ ಊರಿನ ಪಾಸ್ಕಲ್ ಕಥೆಗಳು. ಪಾಸ್ಕಲ್ ಎಂಬ ಇಲ್ಲದ ಮನುಷ್ಯನ ಸಾಹಸ ಹೇಳುತ್ತಾ ಹೋಗುವುದು. ಕೇಳುವವನು ನಡುವೆ ಬಾಯಿ ಹಾಕಿ ಅಡ್ಡಪ್ರಶ್ನೆ ಎಸೆಯುತ್ತಾನೆ, ಹೇಳುವವನು ತಕ್ಷಣ ಅದಕ್ಕಿಂತ ದೊಡ್ಡ ಬೊಗಳೆಯಿಂದ ಬಾಯಿ ಮುಚ್ಚಿಸಬೇಕು. ಬೂಡ್ರೋ ಇಂಗ್ಲಿಷ್ ಕಲಿತು ಎಲ್ಲಿ ಬೇಕಾದರೂ ಬದುಕಿಕೊಂಡ. ಪಾಸ್ಕಲ್‌ಗೆ ಹಾಗಲ್ಲ, ಬೊಗಳೆ ಬಿಡಲು ಒಬ್ಬ, ತಡೆದು ಕೇಳಲು ಇನ್ನೊಬ್ಬ, ಹೀಗೆ ಆ ಫ್ರೆಂಚನ್ನು ಸರಾಗ ಆಡಬಲ್ಲ ಇಬ್ಬರಾದರೂ ಒಂದೇ ಮೇಜಿಗೆ ಕೂತಿರಬೇಕು.